ಕಥಾಲೋಕದ ಕೋಶಗಳು: ಎರಡಿದ್ದಾಗ ಯಾವುದನ್ನು ನಂಬುವುದು?

ಕಳೆದ ಬೇಸಗೆಯ ರಜೆಯಲ್ಲಿ ಒಂದು ಸಂಜೆ ಶಹಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ರೇಡಿಯೋದಲ್ಲಿ ಪ್ರದೇಶ ಸಮಾಚಾರ ಕೇಳುತ್ತಿದ್ದೆ. ಪಕ್ಕದ ಮನೆಯ ಅಣ್ಣತಮ್ಮಂದಿರಿಬ್ಬರು ಏರಿದ ದನಿಯಲ್ಲಿ ವಾದಿಸುತ್ತ ಬಂದರು. ಹಿರಿಯವನು ಯಾದಗಿರಿಯಲ್ಲಿ ಕಾಲೇಜು ಓದುವವನು. ಕಿರಿಯವನು ನಮ್ಮ ಶಾಲೆಯಲ್ಲಿಯೇ ಒಂಬತ್ತನೆಯ ತರಗತಿಯವನು.

“ಅಂವ ಸತ್ತಾನ್ರೀ ಸರ” ಎಂದ ಅಣ್ಣ.

“ಇಲ್ರೀ ಸರ, ಬದುಕ್ಯಾನ. ಇವ ಸುಳ್ಳ ಹೇಳ್ಲಿಕತ್ಯಾನ” ಎಂದ ತಮ್ಮ.

ಊರಿನಲ್ಲಿ ಯಾರಿಗೋ ಏನೋ ಆಯಿತೆಂದು ಎದೆ ಧಸಕ್ಕೆಂದಿತು. ರೇಡಿಯೋದ ಕಿವಿ ಹಿಂಡಿ ಸದ್ದು ತಗ್ಗಿಸಿ “ಯಾರೋ ಅದು?” ಎಂದೆ. ವಿಚಾರಿಸಿದರೆ ಅವನು ಚ್ಯೂಬಾಕ ಎಂಬವನಂತೆ. ‘ಸ್ಟಾರ್ ವಾರ್ಸ್’ ಎಂಬ ಅಮೆರಿಕದ ಚಲನಚಿತ್ರಮಾಲೆಯಲ್ಲಿ ಮೈತುಂಬ ರೋಮವಿರುವ, ಆಕಾಶನೌಕೆ ನಡೆಸುವ ಒಂದು ಪಾತ್ರ. ನನ್ನ ಗಾಬರಿ ಇಳಿಯಿತು. ಆದರೆ ಹುಡುಗರ ಸಿಟ್ಟು ಇಳಿಯಲಿಲ್ಲ. ತಮ್ಮನನ್ನು ಅಣ್ಣ ಗೆಳೆಯರೆದುರು ‘ಸುಳ್ಳ’ ಎಂದು ಕರೆದಿದ್ದ. ಮೂರು ದಿನಗಳಿಂದ ಅವರಿಬ್ಬರೂ ಒಂದೇ ಮನೆಯಲ್ಲಿದ್ದು ಮಾತು ಬಿಟ್ಟಿದ್ದರು. ತೀರ್ಪಿಗಾಗಿ ಮೇಷ್ಟರಲ್ಲಿಗೆ ಬಂದಿದ್ದರು. ಇಬ್ಬರ ಕೈಯಲ್ಲೂ ಮೊಬೈಲಿತ್ತು, ಇಬ್ಬರ ಬಳಿಯೂ ‘ಪ್ರಮಾಣ’ ಇತ್ತು. ಸ್ವಾರಸ್ಯವೆಂದರೆ, ಇಬ್ಬರೂ ತೋರಿಸಿದುದು ಒಂದೇ ವಿಶ್ವಕೋಶದ ಪುಟವನ್ನು!

ವಾಚಕ ಮಹಾಶಯರೇ, ಇಂಥ ಜಗಳ ತಮ್ಮ ಮನೆಯ ಮಕ್ಕಳಲ್ಲಿಯೂ ನಡೆದಿರಬಹುದು; ಇಲ್ಲವಾದರೆ ಮುಂದೆ ನಡೆದೀತು. ಇದನ್ನು ಹುಡುಗಾಟವೆಂದು ತಳ್ಳಿಹಾಕದೆ, ಈ ಕೋಶಗಳೆಂದರೆ ಏನು, ಒಂದೇ ಕಥೆಗೆ ಎರಡು ಮೂರು ಕೋಶಗಳು ಏಕೆ ಹುಟ್ಟಿಕೊಂಡವು, ಅವು ಒಂದರೊಡನೊಂದು ಹೊಂದದೆ ಇರುವಾಗ ಓದುವವನು ಏನು ಮಾಡಬೇಕು ಎಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಹೇಳಬೇಕೆಂದಿದ್ದೇನೆ. ಆ ಹುಡುಗರ ದೆಸೆಯಿಂದ ನಾನೂ ಒಂದೆರಡು ತಿಂಗಳು ಇವುಗಳನ್ನು ತಿರುವಿಹಾಕಿದೆ. ಹೊಸಗನ್ನಡ, ಹಳಗನ್ನಡ ಕಲಿಸಿ ಬದುಕಿದವನಿಗೆ ಇದು ಹೊರಗಿನ ಸೀಮೆ. ಆದರೂ ಹೋಗಿ ನೋಡಿದ ಮೇಲೆ ಅಷ್ಟೇನೂ ಪರದೇಶವೆನ್ನಿಸಲಿಲ್ಲ.

ಮೊದಲು ‘ವಿಕಿ’ ಎಂಬ ಮಾತು. ಅದು ಹವಾಯಿ ದ್ವೀಪದವರ ಭಾಷೆಯ ಶಬ್ದ. ‘ಬೇಗ’ ಎಂದು ಅರ್ಥ. ಯಾರು ಬೇಕಾದರೂ ಓದುತ್ತಲೇ ತಿದ್ದಬಹುದಾದ ಪುಟಗಳ ಕಟ್ಟನ್ನು 1995ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಅಮೆರಿಕದ ಗಣಕತಜ್ಞರು ಮೊದಲು ಅಂತರಜಾಲದಲ್ಲಿ ತೆರೆದು ಅದಕ್ಕೆ ಈ ಹೆಸರಿಟ್ಟರು. 2001ರಲ್ಲಿ ವಿಕಿಪೀಡಿಯ ಬಂದಿತು. 2003ರಲ್ಲಿ ಅದರ ಕನ್ನಡ ಆವೃತ್ತಿಯೂ ಆರಂಭವಾಯಿತು. ಈ ವಿಕಿಪೀಡಿಯವು ಲೋಕದ ಸಕಲ ವಿಷಯಗಳಿಗೆ ಮೀಸಲಾದುದು. ಅದರಲ್ಲಿ ಒಂದು ಕಾದಂಬರಿಯ ಸಣ್ಣಪುಟ್ಟ ಪಾತ್ರಕ್ಕೆಲ್ಲ ಪುಟ ಕೊಡುವುದು ಸಾಧ್ಯವಿಲ್ಲವಷ್ಟೆ. ಆದರೆ ಅಭಿಮಾನಿಗಳಿಗೆ ಆ ಸಣ್ಣಪುಟ್ಟವೇ ಪಂಚಪ್ರಾಣ! ಯಾವ ಗ್ರಹದಲ್ಲಿ ಯಾವ ಊರು, ಯಾವ ಖಡ್ಗ ಯಾರಿಂದ ಯಾರ ಕೈಗೆ ಬಂದಿತು, ಇದೆಲ್ಲ ಬೇಕು. ಆದುದರಿಂದ ಒಂದೊಂದು ಕಥಾಲೋಕದ ಅಭಿಮಾನಿಗಳು ತಮ್ಮ ತಮ್ಮ ಕೋಶಗಳನ್ನು ತಾವೇ ಕಟ್ಟಿಕೊಂಡರು. ಸಂಬಳವಿಲ್ಲ, ಸಂಭಾವನೆಯಿಲ್ಲ. ರಾತ್ರಿ ಊಟವಾದ ಮೇಲೆ ಕುಳಿತು ಬರೆಯುವವರು.

ಕನ್ನಡ ಓದುಗರಿಗೆ ಇದು ತೀರ ಹೊಸತೇನಲ್ಲ. ಕಥೆಯೊಳಗಿನ ಹೆಸರುಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿ ವಿವರ ಬರೆಯುವ ಕೆಲಸವನ್ನು ನಮ್ಮವರು ಎಂದೋ ಮಾಡಿದ್ದಾರೆ. ಬೆನಗಲ್ ರಾಮರಾಯರೂ ಪಾನ್ಯಂ ಸುಂದರಶಾಸ್ತ್ರಿಗಳೂ ಸಿದ್ಧಪಡಿಸಿದ, ಮೈಸೂರು ವಿಶ್ವವಿದ್ಯಾನಿಲಯದಿಂದ ಹೊರಬಂದ ‘ಪುರಾಣನಾಮಚೂಡಾಮಣಿ’ ಅಂಥ ಕೋಶ. ನನ್ನ ಪಂಡಿತ ಪರೀಕ್ಷೆಯ ದಿನಗಳಲ್ಲಿ ಅದು ದಿಂಬಿನ ಬದಿಯಲ್ಲೇ ಇರುತ್ತಿತ್ತು. ಡೆನ್ಮಾರ್ಕಿನ ಸೊರೆನ್‌ಸೆನ್ ಎಂಬ ವಿದ್ವಾಂಸರು ಮಹಾಭಾರತ ಒಂದರ ಹೆಸರುಗಳಿಗೇ ಬೃಹತ್ ಸೂಚಿಯನ್ನು ರಚಿಸಿದರು; ಅದು 1904ರಿಂದ 1925ರವರೆಗೆ ಬಿಡಿಬಿಡಿ ಭಾಗಗಳಾಗಿ ಅಚ್ಚಾಗುವಷ್ಟರಲ್ಲಿ ಪುಣ್ಯಾತ್ಮರು ತೀರಿಯೇ ಹೋಗಿದ್ದರು. ಕೇರಳದ ವೆಟ್ಟಂ ಮಾಣಿಯವರು ಮಲಯಾಳದಲ್ಲಿ 1964ರಲ್ಲಿ ಹೊರತಂದ ಪುರಾಣಕೋಶ 1975ರಲ್ಲಿ ಇಂಗ್ಲಿಷಿಗೂ ಬಂದು ಇಂದಿಗೂ ಬಳಕೆಯಲ್ಲಿದೆ. ಪುರಾಣೇತಿಹಾಸಗಳನ್ನು ಸಿನಿಮಾದ ಕಟ್ಟುಕಥೆಯ ಸಾಲಿನಲ್ಲಿ ಕೂಡಿಸುವುದು ನನ್ನ ಉದ್ದೇಶವಲ್ಲ. ಭಕ್ತಿಯ ಮಾತು ಬೇರೆ. ಕೋಶಕಾರನ ಕಷ್ಟ ಮಾತ್ರ ಎರಡು ಕಡೆಯೂ ಒಂದೇ. ಒಂದು ಕಥೆಯನ್ನು ಹಲವರು ಹಲವು ಬಗೆಯಾಗಿ ಹೇಳಿರುವಾಗ ಯಾವುದನ್ನು ಕೋಶಕ್ಕೆ ಹತ್ತಿಸುವುದು?

ಈ ಕಷ್ಟವನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ. ಕೆಲಸಕ್ಕೆ ಸೇರಿದ ಹೊಸತು. ಪರೀಕ್ಷೆಯಲ್ಲಿ “ರಾವಣನನ್ನು ಕೊಂದವರು ಯಾರು?” ಎಂದು ಒಂದು ಅಂಕದ ಪ್ರಶ್ನೆ ಹಾಕಿದ್ದೆ. ಸುರಪುರದ ಕಡೆಯ ಹಳ್ಳಿಯೊಂದರಿಂದ ಬರುತ್ತಿದ್ದ ಒಬ್ಬ ಹುಡುಗಿ ‘ಲಕ್ಷ್ಮಣ’ ಎಂದು ಬರೆದಿದ್ದಳು. ಕೆಂಪು ಮಸಿಯಲ್ಲಿ ಗೀಟೆಳೆದು, ಸಾಲದುದಕ್ಕೆ ತರಗತಿಯಲ್ಲಿ ಅದನ್ನು ಓದಿ ಎಲ್ಲರನ್ನೂ ನಗಿಸಿಯೂ ಬಿಟ್ಟೆ. ಆ ಮಗು ತಲೆ ತಗ್ಗಿಸಿ ಕುಳಿತಿತು. ಅದೇ ವಾರ ಪಾಠಕ್ಕೆಂದು ಟಿಪ್ಪಣಿ ನೋಡುತ್ತಿರುವಾಗ ನೆನಪಾಯಿತು: ಸುಮಾರು 1100ರ ಕಾಲದ ನಾಗಚಂದ್ರನ ರಾಮಚಂದ್ರಚರಿತ ಪುರಾಣದಲ್ಲಿ, ಜೈನ ಸಂಪ್ರದಾಯದಂತೆ, ರಾವಣನನ್ನು ಕೊಲ್ಲುವವನು ಲಕ್ಷ್ಮಣನೇ. ಆ ಕಥೆಯನ್ನು ಹಿಂದಿನ ತಿಂಗಳಲ್ಲಿ ತರಗತಿಯಲ್ಲಿ ಹೇಳಿದವನೂ ನಾನೇ! ತಪ್ಪಿದುದು ಉತ್ತರವಲ್ಲ, ನನ್ನ ಪ್ರಶ್ನೆ. ‘ವಾಲ್ಮೀಕಿಯ ಪ್ರಕಾರ’ ಎಂದೋ ‘ನಾಗಚಂದ್ರನ ಪ್ರಕಾರ’ ಎಂದೋ ನಾನು ಕೇಳಬೇಕಾಗಿತ್ತು. ಮರುದಿನ ಅಂಕ ಕೊಟ್ಟೆ. ಆದರೆ ನಕ್ಕ ನಗುವನ್ನು ಹಿಂದಕ್ಕೆ ತರುವುದು ಹೇಗೆ? ಆಮೇಲೆ ಆಕೆ ನನ್ನ ತರಗತಿಯಲ್ಲಿ ಕೈಯೆತ್ತಿ ಉತ್ತರ ಹೇಳಿದುದನ್ನು ನಾನು ಕಾಣಲಿಲ್ಲ.

ಪಂಪನನ್ನೇ ನೋಡಿ. 941ರ ಅವನ ವಿಕ್ರಮಾರ್ಜುನವಿಜಯದಲ್ಲಿ ದ್ರೌಪದಿ ಅರ್ಜುನನೊಬ್ಬನಿಗೇ ಹೆಂಡತಿ. ಕಡೆಗೆ ಪಟ್ಟವಾಗುವುದೂ ಅರ್ಜುನನಿಗೆ, ಪಟ್ಟದರಸಿ ಸುಭದ್ರೆ. ಕುಮಾರವ್ಯಾಸನಲ್ಲಿ ದ್ರೌಪದಿ ಐವರ ಮಡದಿ. ಈಗ ಕೋಶದಲ್ಲಿ ‘ದ್ರೌಪದಿ’ ಎಂಬ ತಲೆಬರಹದ ಕೆಳಗೆ ಏನು ಬರೆಯುತ್ತೀರಿ? ವ್ಯಾಸರದನ್ನು ಮಾತ್ರ ಬರೆದರೆ ಕನ್ನಡದ ಆದಿಕವಿ ಹೊರಗುಳಿದ. ಎಲ್ಲವನ್ನೂ ಕಲಸಿ ಬರೆದರೆ ಓದಿದವನಿಗೆ ತಲೆ ಕೆಟ್ಟಿತು.

ಅಭಿಮಾನಿಗಳ ಕೋಶಗಳಲ್ಲಿ ಪೈಪೋಟಿ ಹುಟ್ಟಿದುದು ಮುಖ್ಯವಾಗಿ ಈ ಗಂಟಿನಿಂದಲೇ. ‘ಸ್ಟಾರ್ ಟ್ರೆಕ್’ ಎಂಬ ದೂರದರ್ಶನಮಾಲೆ ಅಮೆರಿಕದಲ್ಲಿ 1966ರಲ್ಲಿ ಆರಂಭವಾಯಿತು. ಅದರ ಬೆನ್ನಿಗೆ ಚಲನಚಿತ್ರಗಳು, ಅವುಗಳ ಜತೆಗೆ ಪರವಾನಗಿ ಪಡೆದು ಬೇರೆ ಬೇರೆಯವರು ಬರೆದ ನೂರಾರು ಕಾದಂಬರಿಗಳು ಬಂದವು. 2003ರಲ್ಲಿ ಅಭಿಮಾನಿಗಳು ‘ಮೆಮೊರಿ ಆಲ್ಫಾ’ ಎಂಬ ಕೋಶವನ್ನು ತೆರೆದರು. (ಈ ಹೆಸರೂ ಕಥೆಯೊಳಗಿನದೇ, ಮೂಲಮಾಲೆಯ 1969ರ ಒಂದು ಕಂತಿನಲ್ಲಿ ಬರುವ ಪುಸ್ತಕಭಂಡಾರದ ಹೆಸರು ಅದು.) ಈಗ ಅದರಲ್ಲಿ 50 ಸಾವಿರಕ್ಕೂ ಮೀರಿದ ಲೇಖನಗಳಿವೆ. ಅವರದು ಒಂದು ಕಟ್ಟುನಿಟ್ಟಿನ ನಿಯಮ: ಪರದೆಯ ಮೇಲೆ ಕಂಡುದು, ಕೇಳಿದುದು ಮಾತ್ರ ಪ್ರಮಾಣ. ಕಾದಂಬರಿಯಲ್ಲಿದ್ದುದನ್ನು ಲೇಖನದ ಕೊನೆಯಲ್ಲಿ ಬೇರೆ ಜಾಗದಲ್ಲಿ, ಪಂಕ್ತಿಯ ಆಚೆ ಕುಳ್ಳಿರಿಸಿದಂತೆ, ಹೇಳಿ ಮುಗಿಸುತ್ತಾರೆ. ಹಾಗಾದರೆ ಕಾದಂಬರಿಗಳನ್ನೇ ಪ್ರೀತಿಸಿದವರು ಎಲ್ಲಿ ಹೋಗಬೇಕು? ಅವರು ‘ಮೆಮೊರಿ ಬೀಟಾ’ ಎಂಬ ಇನ್ನೊಂದು ಕೋಶವನ್ನು ಕಟ್ಟಿಕೊಂಡರು. ಅಲ್ಲಿ ಕಾದಂಬರಿ, ಚಿತ್ರಕಥೆ, ಆಟ ಎಲ್ಲಕ್ಕೂ ಒಂದೇ ಪಂಕ್ತಿ.

ಈ ಎರಡು ಪಂಥಗಳ ವ್ಯತ್ಯಾಸ ತಿಳಿಯಲು ಒಂದು ಹೆಸರಿನ ಚರಿತ್ರೆ ಸಾಕು. ಆ ಮಾಲೆಯಲ್ಲಿ ಸುಲು ಎಂಬ ನೌಕಾಚಾಲಕನಿದ್ದಾನೆ. ಸುಲು ಮನೆತನದ ಹೆಸರು. ಅವನ ಸ್ವಂತ ಹೆಸರು ಏನೆಂದು ಬಹುಕಾಲ ಪರದೆಯ ಮೇಲೆ ಯಾರೂ ಹೇಳಲೇ ಇಲ್ಲ. 1981ರಲ್ಲಿ ವೊಂಡಾ ಮೆಕಿಂಟೈರ್ ಎಂಬ ಲೇಖಕಿ ತಮ್ಮ ಕಾದಂಬರಿಯಲ್ಲಿ ಅವನಿಗೆ ‘ಹಿಕಾರು’ ಎಂದು ನಾಮಕರಣ ಮಾಡಿದರು. 1991ರ ಚಲನಚಿತ್ರದಲ್ಲಿ ಆ ಹೆಸರು ಪರದೆಯ ಮೇಲೂ ಕೇಳಿಬಂದಿತು. ಮೆಮೊರಿ ಆಲ್ಫಾದ ನಿಯಮವನ್ನೇ ಹಿಡಿದರೆ ನಡುವಿನ ಹತ್ತು ವರುಷ ಆ ಮಹಾನುಭಾವ ಹೆಸರಿಲ್ಲದವನು. ಬೀಟಾದ ನಿಯಮದಂತೆ 1981ರಿಂದಲೇ ಹೆಸರುಳ್ಳವನು. ಇಬ್ಬರಲ್ಲಿ ಸುಳ್ಳು ಹೇಳಿದವರು ಯಾರು? ಯಾರೂ ಅಲ್ಲ. ಅಳತೆಗೋಲು ಬೇರೆ, ಅಷ್ಟೆ.

ಇನ್ನು ನಮ್ಮ ಹುಡುಗರ ಚ್ಯೂಬಾಕನ ಪ್ರಸಂಗ. ಸ್ಟಾರ್ ವಾರ್ಸ್‌ನ ಮೊದಲ ಚಿತ್ರ ಬಂದುದು 1977ರಲ್ಲಿ. ಅದರ ಕಥೆಯನ್ನೂ ಕಾದಂಬರಿಕಾರರು ಹತ್ತಾರು ವರುಷ ಬೆಳೆಸಿಕೊಂಡು ಹೋದರು. 1999ರ ಒಂದು ಕಾದಂಬರಿಯಲ್ಲಿ ಚ್ಯೂಬಾಕ ಸಾಯುತ್ತಾನೆ: ಗ್ರಹವೊಂದರ ಮೇಲೆ ಅದರ ಚಂದ್ರನೇ ಕುಸಿದು ಬೀಳುವಾಗ ಗೆಳೆಯನ ಮಗನನ್ನು ಉಳಿಸಿ ತಾನು ಅಲ್ಲಿಯೇ ಉಳಿದುಬಿಡುತ್ತಾನೆ. ಓದಿದವರು ಅತ್ತರು. 2012ರಲ್ಲಿ ಡಿಸ್ನಿ ಸಂಸ್ಥೆ ಆ ಕಥಾಲೋಕದ ಒಡೆತನವನ್ನು ಕೊಂಡುಕೊಂಡಿತು. 2014ರ ಏಪ್ರಿಲಿನಲ್ಲಿ ಒಂದು ಪ್ರಕಟಣೆ ಬಂದಿತು: ಇದುವರೆಗಿನ ಕಾದಂಬರಿಗಳೆಲ್ಲ ಇನ್ನು ‘ಲೆಜೆಂಡ್ಸ್’, ಅಂದರೆ ದಂತಕಥೆಗಳು, ಅವುಗಳಿಗೆ ಮುಂದಿನ ಚಿತ್ರಗಳು ಬದ್ಧವಲ್ಲ. 2015ರ ಚಿತ್ರದಲ್ಲಿ ಚ್ಯೂಬಾಕ ಗಟ್ಟಿಮುಟ್ಟಾಗಿ ನೌಕೆ ನಡೆಸುತ್ತಾನೆ!

2005ರಲ್ಲಿ ಆರಂಭವಾದ ‘ವೂಕಿಪೀಡಿಯ’ ಎಂಬ ಅಭಿಮಾನಿಕೋಶ ಈಗ ಏನು ಮಾಡಬೇಕು? ಹಳೆಯ ಸಾವಿರಾರು ಲೇಖನಗಳನ್ನು ಅಳಿಸುವುದೆ? ಅವರು ಜಾಣರು. ಒಬ್ಬನೇ ಪಾತ್ರಕ್ಕೆ ಎರಡು ಪುಟ ಮಾಡಿ, ಪುಟದ ನೆತ್ತಿಯಲ್ಲಿ ಎರಡು ಗುಂಡಿ ಇಟ್ಟರು. ಒಂದು ಒತ್ತಿದರೆ ಅಧಿಕೃತ ಕಥೆ, ಇನ್ನೊಂದು ಒತ್ತಿದರೆ ದಂತಕಥೆ. ಅಣ್ಣ ಒಂದನ್ನು ಒತ್ತಿದ್ದ, ತಮ್ಮ ಇನ್ನೊಂದನ್ನು. ನೆತ್ತಿಯ ಗುಂಡಿಯನ್ನು ಇಬ್ಬರೂ ನೋಡಿರಲಿಲ್ಲ. ನಾನು ಅದನ್ನು ತೋರಿಸಿದಾಗ ಕಿರಿಯವನು ಕೇಳಿದ: “ಹಂಗಾದ್ರ ಖರೇ ಯಾವ್ದು ಅದರೀ ಸರ?”

ಸುಲಭದ ಪ್ರಶ್ನೆಯಲ್ಲ ಅದು. ಡಿಸ್ನಿಯವರು ಹಣ ಕೊಟ್ಟು ಕೊಂಡರೆಂದ ಮಾತ್ರಕ್ಕೆ 1999ರಲ್ಲಿ ಅತ್ತವರ ಕಣ್ಣೀರು ಸುಳ್ಳಾದೀತೆ? ನನ್ನ ಮಟ್ಟಿಗೆ ಹೇಳುವುದಾದರೆ, ಒಡೆಯನ ಆಜ್ಞೆಯಿಂದ ಕಥೆಯ ನಿಜ ನಿರ್ಧಾರವಾಗುವುದು ನನಗೆ ಒಗ್ಗದು. ಪಂಪನ ಕಥೆ ಅರಿಕೇಸರಿಗೆ ಒಪ್ಪಿತೆಂದು ಕುಮಾರವ್ಯಾಸ ಅದನ್ನೇ ಹೇಳಲಿಲ್ಲ. ಆದರೆ ಎರಡು ಗುಂಡಿಗಳ ಉಪಾಯ ನನಗೆ ಬಹಳ ಹಿಡಿಸಿತು. ನನ್ನ ಆ ಪ್ರಶ್ನಪತ್ರಿಕೆಯಲ್ಲಿ ಎರಡು ಗುಂಡಿಗಳಿದ್ದಿದ್ದರೆ!

ಟೋಲ್ಕಿನ್ ಎಂಬ ಇಂಗ್ಲಿಷ್ ಪ್ರೊಫೆಸರರ ಕಥಾಲೋಕಕ್ಕೂ ಇದೇ ಗತಿ. ಅವರ ‘ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯಲ್ಲಿ ಗಾಯಗೊಂಡ ಫ್ರೋಡೋನಿಗೆ ಹೊಳೆ ದಾಟಲು ತನ್ನ ಕುದುರೆ ಕೊಟ್ಟು ನೆರವಾಗುವವನು ಗ್ಲಾರ್‌ಫಿಂಡೆಲ್. 2001ರ ಚಿತ್ರದಲ್ಲಿ ಆ ಕೆಲಸವನ್ನು ಅರ್ವೆನ್ ಎಂಬ ರಾಜಕುಮಾರಿಗೆ ವಹಿಸಿದರು. ಈ ಲೋಕಕ್ಕೆ ಒಬ್ಬನೇ ವ್ಯಕ್ತಿ 1997ರಿಂದ ಕಟ್ಟಿದ ‘ಎನ್‌ಸೈಕ್ಲೋಪೀಡಿಯ ಆಫ್ ಆರ್ಡಾ’ ಇದೆ. ಹಲವರು ಸೇರಿ 2005ರಿಂದ ಕಟ್ಟಿದ ‘ಟೋಲ್ಕಿನ್ ಗೇಟ್‌ವೇ’ ಇದೆ. ಫ್ಯಾಂಡಮ್ ಎಂಬ ಕಂಪನಿಯ ಮನೆಯಲ್ಲಿರುವ ಇನ್ನೊಂದು ಬೇರೆ. ಒಬ್ಬನೇ ಬರೆದುದರಲ್ಲಿ ಶೈಲಿ ಒಂದೇ ಹದದಲ್ಲಿರುತ್ತದೆ, ವಿವೇಚನೆ ಕಾಣುತ್ತದೆ. ಆದರೆ ಅವನಿಗೆ ಬಿಡುವಿದ್ದಷ್ಟೇ ಬೆಳೆ. ಹಲವರು ಬರೆದುದು ಬೇಗ ಬೆಳೆಯುತ್ತದೆ. ಒಂದು ಪುಟ ಚಿನ್ನ, ಮುಂದಿನ ಪುಟ ಹಿತ್ತಾಳೆ.

ಹಲವರ ಕೋಶಗಳಲ್ಲಿ ಪೈಪೋಟಿಗೆ ಇನ್ನೊಂದು ಕಾರಣವೂ ಇದೆ. ಅದು ವಿದ್ವತ್ತಿನದಲ್ಲ, ಮನೆ ಬಾಡಿಗೆಯದು. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ತಮ್ಮ ಮಕ್ಕಳು ದಿನಾಲು ಎಡವುತ್ತಿರುವುದು ಈ ಹೊಸ್ತಿಲಿಗೇ.

ಲಕ್ಷಾಂತರ ಜನ ಓದುವ ಪುಟಗಳನ್ನು ಯಂತ್ರಗಳಲ್ಲಿ ಇಟ್ಟು ಸದಾ ತೆರೆದಿಡಲು ಖರ್ಚು ಬರುತ್ತದೆ. ಅಭಿಮಾನಿಗಳಲ್ಲಿ ಹಣವಿಲ್ಲ. ಆಗ ಕಂಪನಿಗಳು “ನಮ್ಮ ಮನೆಯಲ್ಲಿ ಬಂದಿರಿ, ಬಾಡಿಗೆ ಬೇಡ, ಗೋಡೆಯ ಮೇಲೆ ಜಾಹೀರಾತು ಮಾತ್ರ ನಾವು ಅಂಟಿಸಿಕೊಳ್ಳುತ್ತೇವೆ” ಎನ್ನುತ್ತವೆ. ವಿಕಿಪೀಡಿಯದ ಜಿಮ್ಮಿ ವೇಲ್ಸ್ ಹಾಗೂ ಏಂಜೆಲಾ ಬೀಸ್ಲಿ 2004ರಲ್ಲಿ ತೆರೆದ ಅಂಥ ಕಂಪನಿ ಮುಂದೆ ‘ವಿಕಿಯಾ’ ಎನ್ನಿಸಿಕೊಂಡು, 2016ರಿಂದೀಚೆಗೆ ‘ಫ್ಯಾಂಡಮ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟದ ಅಭಿಮಾನಿಗಳು 2004ರಲ್ಲಿ ‘ವಾವ್‌ವಿಕಿ’ ಎಂಬ ಕೋಶವನ್ನು ತೆರೆದರು. 2007ರಲ್ಲಿ ಅದನ್ನು ವಿಕಿಯಾದ ಮನೆಗೆ ಒಯ್ದರು. 2010ರಲ್ಲಿ ಪುಟಗಳ ರೂಪದ ವಿಷಯವಾಗಿ ವೈಮನಸ್ಯ ಬಂದು, ಬರೆಯುವವರಲ್ಲಿ ಬಹುಮಂದಿ ಲೇಖನಗಳನ್ನೆಲ್ಲ ನಕಲು ಮಾಡಿಕೊಂಡು ಇನ್ನೊಂದು ಕಂಪನಿಯ ಆಶ್ರಯದಲ್ಲಿ ‘ವಾವ್‌ಪೀಡಿಯ’ ಎಂದು ಹೊಸ ಸಂಸಾರ ಹೂಡಿದರು. 2018ರಲ್ಲಿ ಫ್ಯಾಂಡಮ್ ಆ ಇನ್ನೊಂದು ಕಂಪನಿಯ ವಿಕಿ ವ್ಯವಹಾರವನ್ನೇ ಕೊಂಡುಕೊಂಡಿತು! ಮುನಿಸಿಕೊಂಡು ಬೇರೆಯಾದ ಸೊಸೆ ಹೋಗಿ ಸೇರಿದ ಬಾಡಿಗೆ ಮನೆಯನ್ನೇ ಅತ್ತೆ ಖರೀದಿಸಿದಂತಾಯಿತು. 2023ರಲ್ಲಿ ಅವರು ಮತ್ತೊಮ್ಮೆ ಗಂಟುಮೂಟೆ ಕಟ್ಟಿ ‘ವಾರ್‌ಕ್ರಾಫ್ಟ್ ವಿಕಿ’ ಎಂಬ ಹೆಸರಿನಲ್ಲಿ ಹೊರಬಿದ್ದರು. ಅದೇ ವರುಷ, ನಮ್ಮ ಮಕ್ಕಳಿಗೆ ಬಹಳ ಪರಿಚಿತವಾದ ‘ಮೈನ್‌ಕ್ರಾಫ್ಟ್’ ಆಟದ ಕೋಶದವರೂ ಹಾಗೆಯೇ ಹೊರಟರು. ಅವರಿಗೂ ಮೊದಲು ‘ಜೆಲ್ಡಾ’ ಆಟದ ಕೋಶದವರು 2022ರಲ್ಲಿ ಹೊರಟಿದ್ದರು. ಜಾಹೀರಾತುಗಳ ಗದ್ದಲವೂ ತಮ್ಮ ಮಾತು ನಡೆಯದೆಂಬ ಅಸಮಾಧಾನವೂ ಅವರೆಲ್ಲ ಹೇಳಿಕೊಂಡ ಕಾರಣಗಳು. ಕಂಪನಿಯ ಪಕ್ಷದಲ್ಲಿಯೂ ಒಂದು ಮಾತಿದೆ: ಯಂತ್ರಗಳ ಖರ್ಚನ್ನು ಇಷ್ಟು ವರುಷ ಹೊತ್ತವರು ಅವರೇ, ಜಾಹೀರಾತಲ್ಲದೆ ಅವರಿಗೆ ಬೇರೆ ಗಳಿಕೆ ಎಲ್ಲಿಯದು?

ಹೀಗೆ ಎತ್ತಿಕೊಂಡು ಹೋಗುವುದು ಕಳ್ಳತನವಲ್ಲವೆ ಎಂದು ತಾವು ಕೇಳಬಹುದು. ಅಲ್ಲ. ಈ ಕೋಶಗಳಲ್ಲಿ ಹೆಚ್ಚಿನವು, ಮೂಲ ಬರೆದವರನ್ನು ಹೆಸರಿಸಿ, ಹೊಸತನ್ನೂ ಅದೇ ಕರಾರಿನ ಮೇಲೆ ಬಿಟ್ಟುಕೊಡುವುದಾದರೆ ಯಾರು ಬೇಕಾದರೂ ನಕಲು ಮಾಡಬಹುದು ಎಂಬ ಮುಕ್ತ ಪರವಾನಗಿಯಲ್ಲಿ ಇರುತ್ತವೆ. ಆದುದರಿಂದ ಬರೆದವರು ತಮ್ಮ ದುಡಿಮೆಯನ್ನು ಒಯ್ಯಬಹುದು. ಆದರೆ ಹಳೆಯ ಮನೆಯನ್ನು ಕೆಡವಲಾರರು! ಹಳೆಯ ಪ್ರತಿಯನ್ನು ಕಂಪನಿ ಹಾಗೆಯೇ ಇಟ್ಟುಕೊಳ್ಳುತ್ತದೆ. ಉಳಿದವರೋ ಹೊಸಬರೋ ಅದನ್ನು ಮುಂದುವರಿಸಬಹುದು. ಹಲವು ವರುಷಗಳಿಂದ ಎಲ್ಲೆಲ್ಲಿಂದಲೋ ಜನ ಆ ವಿಳಾಸವನ್ನೇ ಸೂಚಿಸುತ್ತ ಬಂದಿರುವುದರಿಂದ, ಹುಡುಕುಯಂತ್ರದಲ್ಲಿ ಕೇಳಿದರೆ ಅನೇಕ ವೇಳೆ ಮೇಲೆ ಬರುವುದು ಹಳೆಯ ಮನೆಯೇ. ಓದುಗನಿಗೆ ಹಲಗೆ ಕಾಣುತ್ತದೆ, ಒಳಗೆ ಯಜಮಾನರು ಬದಲಾದುದು ಕಾಣುವುದಿಲ್ಲ. ಶಹಾಪುರದ ಬಜಾರದಲ್ಲಿ ಹಳೆಯ ಅಂಗಡಿಯ ಹೆಸರು ಕೇಳಿಕೊಂಡು ಹೋಗಿ ಹೊಸ ವ್ಯಾಪಾರಿಯೊಡನೆ ಹಳೆಯ ಲೆಕ್ಕ ಕೇಳಿದ ಹಾಗೆ.

ಈ ಸಂದರ್ಭದಲ್ಲಿ ರೇಡಿಯೋ ಕೇಳುವವರಿಗೆ ಪ್ರಿಯವಾಗುವ ಒಂದು ಸಂಗತಿಯನ್ನು ಬಿಡಲಾರೆ. 1978ರಲ್ಲಿ ಬಿ.ಬಿ.ಸಿ. ರೇಡಿಯೋದಲ್ಲಿ ಡಗ್ಲಸ್ ಆಡಮ್ಸ್ ಎಂಬವರ ಒಂದು ಹಾಸ್ಯ ನಾಟಕಮಾಲೆ ಬಂದಿತು. ಆಕಾಶಗಂಗೆಯನ್ನು ಬಿಟ್ಟಿ ಸವಾರಿಯಲ್ಲಿ ಸುತ್ತುವವರ ಕೈಪಿಡಿಯ ಕಥೆ ಅದು. ಅದರೊಳಗೆ ಎರಡು ಕೋಶಗಳ ಪೈಪೋಟಿ ಬರುತ್ತದೆ: ಒಂದು ಗಂಭೀರವಾದ ಮಹಾವಿಶ್ವಕೋಶ, ಇನ್ನೊಂದು ತಪ್ಪುತಡೆಗಳಿಂದ ತುಂಬಿದ ಅಗ್ಗದ ಕೈಪಿಡಿ. ಹೆಚ್ಚು ಖರ್ಚಾಗುವುದು ಯಾವುದೆಂದು ಹೇಳಬೇಕಾಗಿಲ್ಲವಷ್ಟೆ. ಅದೇ ಆಡಮ್ಸ್ 1999ರಲ್ಲಿ, ವಿಕಿಪೀಡಿಯಕ್ಕೂ ಎರಡು ವರುಷ ಮೊದಲು, ಓದುಗರೇ ಬರೆಯುವ ಒಂದು ಕೋಶವನ್ನು ಅಂತರಜಾಲದಲ್ಲಿ ನಿಜವಾಗಿಯೇ ತೆರೆದರು. 2001ರಿಂದ ಹತ್ತು ವರುಷ ಬಿ.ಬಿ.ಸಿ.ಯೇ ಅದನ್ನು ನಡೆಸಿತು. ರೇಡಿಯೋದಲ್ಲಿ ಹುಟ್ಟಿದ ಹಾಸ್ಯ ಹೀಗೆ ವಾಸ್ತವವಾಯಿತು.

ಕಥೆಯ ಒಡೆಯರು ಈ ಕೋಶಗಳನ್ನು ಸಹಿಸುತ್ತಾರೆಯೆ? ಬಹುಮಟ್ಟಿಗೆ ಸಹಿಸುತ್ತಾರೆ, ಹಣದ ಮಾತು ಬರುವವರೆಗೆ. ಹ್ಯಾರಿ ಪಾಟರ್ ಕಥೆಗಳಿಗೆ ಸ್ಟೀವ್ ವಾಂಡರ್ ಆರ್ಕ್ ಎಂಬ ಗ್ರಂಥಪಾಲಕರು 2000ದಲ್ಲಿ ಆರಂಭಿಸಿದ ಕೋಶವನ್ನು ಲೇಖಕಿ ರೋಲಿಂಗರೇ ಮೆಚ್ಚಿ 2004ರಲ್ಲಿ ಮನ್ನಣೆ ಕೊಟ್ಟಿದ್ದರು. ಅದನ್ನು ಪುಸ್ತಕವಾಗಿ ಮಾರಲು ಹೊರಟಾಗ 2007ರಲ್ಲಿ ದಾವೆ ಹೂಡಿದರು. 2008ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಕೊಟ್ಟ ತೀರ್ಪಿನಲ್ಲಿ ಎರಡು ಮುಖಗಳಿದ್ದವು. ಕಥೆಯೊಂದರ ಸಂಗತಿಗಳನ್ನು ಅಕಾರಾದಿಯಾಗಿ ಜೋಡಿಸಿ ಕೋಶ ಮಾಡುವುದು ತಾನಾಗಿಯೇ ಅಪರಾಧವಲ್ಲ. ಆದರೆ ಲೇಖಕಿಯ ಮಾತುಗಳನ್ನೇ ಸಾಲುಸಾಲಾಗಿ ಎತ್ತಿಕೊಂಡುದು ಅತಿಯಾಯಿತು. ಪರಿಹಾರ 6,750 ಡಾಲರ್. ಮರುವರ್ಷ ತಿದ್ದಿದ ಪುಸ್ತಕ ಹೊರಬಂದಿತು. ಶಾಲೆಯ ಮಕ್ಕಳಿಗೆ ಗೈಡು ಬರೆಯುವವರು ಈ ತೀರ್ಪನ್ನೊಮ್ಮೆ ಓದುವುದು ಒಳ್ಳೆಯದು.

ಹಾಗಾದರೆ ಎರಡು ಕೋಶಗಳನ್ನು ಮುಂದಿಟ್ಟುಕೊಂಡು ಹೋಲಿಸುವುದು ಹೇಗೆ? ಆ ಹುಡುಗರಿಗೆ ನಾನು ತೋರಿಸಿದ ರೀತಿಯನ್ನೇ ಹೇಳುತ್ತೇನೆ. ಪ್ರಸಿದ್ಧ ಪಾತ್ರವನ್ನು ತೆಗೆಯಬೇಡಿ. ಅದನ್ನು ಎಲ್ಲರೂ ತಿದ್ದಿ ತೀಡಿರುತ್ತಾರೆ. ಎಲ್ಲೋ ಒಂದು ಸಲ ಬಂದುಹೋಗುವ ಚಿಲ್ಲರೆ ಪಾತ್ರವನ್ನು ಎರಡರಲ್ಲಿಯೂ ತೆಗೆಯಿರಿ. ಗುಡಿಯ ಮುಖಮಂಟಪ ಎಲ್ಲಿಯೂ ಚೆಂದವೇ. ಹಿಂದಿನ ಗೋಡೆ ನೋಡಬೇಕು. ಪ್ರತಿ ಮಾತಿಗೂ ಇಂಥ ಪುಸ್ತಕ, ಇಂಥ ಅಧ್ಯಾಯ, ಇಂಥ ಕಂತು ಎಂದು ಆಧಾರ ಕೊಟ್ಟಿದ್ದಾರೆಯೆ ನೋಡಿ. ಅಲ್ಲೊಂದು ಇಲ್ಲೊಂದು ಆಧಾರವನ್ನು ನೀವೇ ಹೋಗಿ ಮೂಲದಲ್ಲಿ ಪರೀಕ್ಷಿಸಿ. ಆಧಾರದ ಅಂಕಿ ಇದ್ದ ಮಾತ್ರಕ್ಕೆ ಆಧಾರವಿದೆ ಎಂದಾಗದು. ಬಳಿಕ ‘ಇತಿಹಾಸ’ ಎಂಬ ಗುಂಡಿ ಒತ್ತಿ. ಯಾರು ಎಂದು ಯಾವ ಸಾಲನ್ನು ತಿದ್ದಿದರೆಂಬುದು ತಾರೀಖು ಸಹಿತ ಅಲ್ಲಿರುತ್ತದೆ. ನಮ್ಮ ಅಚ್ಚಿನ ಕೋಶಗಳಲ್ಲಿ ಈ ಸೌಲಭ್ಯ ಎಲ್ಲಿಯದು? ಕೊನೆಯ ತಿದ್ದುಪಡಿ 2023ಕ್ಕೇ ನಿಂತು, ಆಟವೋ ಕಥೆಯೋ ಮುಂದೆ ಸಾಗಿದ್ದರೆ, ಅದು ಜನ ಬಿಟ್ಟುಹೋದ ಮನೆ ಎಂದು ತಿಳಿಯಿರಿ. ‘ಚರ್ಚೆ’ ಎಂಬ ಪುಟವನ್ನೂ ಓದಿ. ಅಲ್ಲಿ ಜಗಳವಿದ್ದರೆ ಹೆದರಬೇಡಿ. ಜಗಳವೇ ಇಲ್ಲದ ಕೋಶವನ್ನು ಕಂಡರೆ ನನಗೆ ಅನುಮಾನ. ಯಾರೂ ಓದಿಲ್ಲವೆಂದೇ ಅರ್ಥ.

ಇದು ಬರಿಯ ಆಟದ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಸುರಪುರ ಸೀಮೆಯ ಮುದನೂರಿನ ದಾಸಿಮಯ್ಯನವರನ್ನೇ ತೆಗೆದುಕೊಳ್ಳಿ. ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ ಒಬ್ಬರೋ ಇಬ್ಬರೋ ಎಂಬಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಒಂದು ಪುಟದಲ್ಲಿ ಒಬ್ಬರೆಂದು, ಇನ್ನೊಂದರಲ್ಲಿ ಇಬ್ಬರೆಂದು ಕಂಡಾಗ ಹುಡುಗರು ಮೊಬೈಲನ್ನು ಮೇಷ್ಟರ ಮುಖಕ್ಕೆ ಹಿಡಿಯುತ್ತಾರೆ. ಅದು ಕಲ್ಪನೆಯ ಲೋಕವಲ್ಲ, ಜನರ ಮನಸ್ಸು ನೋಯುವ ಜಾಗ. ಚ್ಯೂಬಾಕನ ಮೇಲೆ ಕಲಿತ ‘ಯಾವ ಆಧಾರ, ಯಾರ ಮಾತು’ ಎಂಬ ಪ್ರಶ್ನೆ ಅಲ್ಲಿ ಕೈಹಿಡಿಯುತ್ತದೆ.

ಒಂದು ಕೊರಗು ಮಾತ್ರ ನನಗೆ ಉಳಿದಿದೆ. ಪರದೇಶದ ಒಂದು ಸಿನಿಮಾದ ಸೇವಕನ ಸೇವಕನಿಗೂ ಪುಟವಿದೆ. ಪಂಪ, ರನ್ನ, ಕುಮಾರವ್ಯಾಸ, ಲಕ್ಷ್ಮೀಶ ಇವರೆಲ್ಲರ ಭಾರತಗಳಲ್ಲಿ ಒಂದೊಂದು ಪಾತ್ರ ಹೇಗೆ ಹೇಗೆ ಮಾರ್ಪಟ್ಟಿತೆಂದು, ಗುಂಡಿ ಒತ್ತಿದೊಡನೆ ತೋರಿಸುವ ಕೋಶ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಸಾಮಗ್ರಿಗೇನು ಬಡತನವಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ 14 ಸಂಪುಟಗಳ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನೂ ಮುಕ್ತ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಬೇಕಾದುದು ರಾತ್ರಿ ಊಟವಾದ ಮೇಲೆ ಕುಳಿತು ಬರೆಯುವವರು.

ಹುಡುಗರು ಮಾತಾಡುತ್ತಿದ್ದಾರೆ. ಸುರಪುರದ ಹತ್ತಿರದ ಹಳ್ಳಿಯಲ್ಲಿರುವ ಅವರ ಮುತ್ಯಾ ತರುಣರಾಗಿದ್ದಾಗ ದೊಡ್ಡಾಟದಲ್ಲಿ ಬಭ್ರುವಾಹನನ ಪಾತ್ರ ಕಟ್ಟಿದವರು. ದಸರಾ ರಜೆಗೆ ಹೋದಾಗ ಇಬ್ಬರೂ ಸೇರಿ ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಅವರ ಮುಂದೆ ಕುಳಿತರಂತೆ. ಬಭ್ರುವಾಹನ, ಚಿತ್ರಾಂಗದೆ, ಉಲೂಪಿ ಎಂದು ಒಂದೊಂದು ಹೆಸರಿಗೆ ಒಂದೊಂದು ಹಾಳೆ. ಅರ್ಜುನನನ್ನು ಬದುಕಿಸುವ ಮಣಿ ವ್ಯಾಸಭಾರತದಲ್ಲಿ ಉಲೂಪಿಯಿಂದಲೇ ದೊರೆಯುತ್ತದೆ; ಲಕ್ಷ್ಮೀಶನ ಜೈಮಿನಿಯಲ್ಲಿ ಅದಕ್ಕಾಗಿ ನಾಗರೊಡನೆ ಕಾಳಗವೇ ನಡೆಯುತ್ತದೆ. ಮುತ್ಯಾ ಹೇಳಿದುದು ಇವೆರಡೂ ಅಲ್ಲದ ಮೂರನೆಯದು. ಹೀಗಾಗಿ ಹಾಳೆಯಲ್ಲಿ ಮೂರು ಗೀಟೆಳೆದು ಮೂರು ಮನೆ ಮಾಡಿಕೊಂಡಿದ್ದಾರೆ.

ಕಿರಿಯವನು ನೋಟ್‌ಬುಕ್ ತಂದು ತೋರಿಸಿ ಕೇಳಿದ: “ಸರ, ಇವೆರಡಕ್ಕ ಪುಸ್ತಕದ ಹೆಸರು ಬರದೀನ್ರೀ. ಮುತ್ಯಾ ಹೇಳಿದ್ದಕ್ಕ ಆಧಾರ ಅಂತ ಏನ್ ಬರೀಲಿ?”

“ಮುತ್ಯಾನ ಹೆಸರು ಬರಿ. ಊರು ಬರಿ. ಹೇಳಿದ ತಾರೀಖು ಬರಿ” ಎಂದೆ.